ನೀರುಗಂಟಿ ಜವರಯ್ಯನಿಗೆ ಮಂಜೂರಾದ ಲ್ಯಾಪ್‌ಟಾಪು

ಬಹಳ ಹಿಂದೆ, ಅಂದರೆ ಇದು ನಮ್ಮ ಊರಿನದೇ ಕಥೆ ಎಂದು ಯಾವ ಓದುಗರೂ ಸಂಪಾದಕರಿಗೆ ಪತ್ರ ಬರೆಯದಿರುವಷ್ಟು ಹಿಂದೆ, ಸುಜಲಪುರಿ ಎಂಬ ರಾಜ್ಯವೊಂದಿತ್ತು. ಅದನ್ನು ವಿಸ್ಮಯಸೇನ ಮಹಾರಾಜರು ಆಳುತ್ತಿದ್ದರು. ರಾಜರಿಗೆ ಬೇಟೆ, ಜೂಜು, ಯುದ್ಧ ಇಂಥ ಯಾವ ಚಟವೂ ಇರಲಿಲ್ಲ. ಇದ್ದ ಚಟ ಒಂದೇ, ಬೆರಗಾಗುವುದು. ದಿನಕ್ಕೊಮ್ಮೆಯಾದರೂ ಬೆರಗಾಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡರೊಳಗೆ ರಾಜರನ್ನು ಬೆರಗುಗೊಳಿಸುವುದೇ ಮಂತ್ರಿಮಂಡಲದ ಪ್ರಥಮ ಕರ್ತವ್ಯವಾಗಿತ್ತು. ರಾಜ್ಯಭಾರವನ್ನು ಮಿಕ್ಕ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದರು, ಹೊತ್ತು ಮಿಕ್ಕಿದ್ದರೆ.

ಹೀಗೆ ಬೆರಗಾದ ಒಂದು ದಿನ ರಾಜರು ಸುಜಲಪುರಿಯನ್ನು ಕಾಗದವಿಲ್ಲದ ರಾಜ್ಯವೆಂದು ಸಾರಿದರು. ಸಾರಿದ್ದನ್ನು ನಲವತ್ತು ಸಾವಿರ ಕಾಗದಗಳ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಲಾಯಿತು. ಊರಿನ ಇಪ್ಪತ್ತೊಂದು ಬೀದಿಗಳ ನೀರಿನ ಸರದಿಯನ್ನು ಬರೆದಿಟ್ಟಿದ್ದ ಹಳೆಯ ಪುಸ್ತಕವನ್ನು ಅರಮನೆಯವರು ಒಯ್ದು ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ವಾಲ್ವುಗಳಿಗೆ ಹೊಸ ಬೀಗ ಬಿತ್ತು. ಮೊದಲಾದರೆ ಕಬ್ಬಿಣದ ಕೀಲಿ ಹಾಕಿ ತಿರುಗಿಸಿದರೆ ನೀರು ಬರುತ್ತಿತ್ತು. ಈಗ ವಾಲ್ವಿನ ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ವೈರು ಚುಚ್ಚಿ, ಬೀದಿಯ ಹೆಸರು ಒತ್ತಿ, ಗುಪ್ತಪದ ಒತ್ತಿದರೆ ಮಾತ್ರ ನೀರು. ನಿಲ್ಲಿಸುವುದಕ್ಕೂ ಅಷ್ಟೇ ಶಾಸ್ತ್ರ. ಇದರಿಂದ ನೀರಿನ ಆಡಳಿತ ಎಷ್ಟೋ ಪಟ್ಟು ಆಧುನಿಕವಾಯಿತೆಂದು ವರದಿಯಾಯಿತು. ನೀರು ಎಷ್ಟಿತ್ತೋ ಅಷ್ಟೇ ಇತ್ತು.

ಈ ಶಾಸ್ತ್ರ ಮಾಡುವವನು ಜವರಯ್ಯ. ಊರಿಗೆ ಅವನೊಬ್ಬನೇ ನೀರುಗಂಟಿ. ಬೆಳಿಗ್ಗೆ ಆರಕ್ಕೆ ಸೈಕಲ್ಲಿನ ಹ್ಯಾಂಡಲಿಗೆ ಲ್ಯಾಪ್‌ಟಾಪಿನ ಚೀಲ ನೇತುಹಾಕಿಕೊಂಡು ಅರಮನೆ ಬೀದಿಯ ಒಂದನೇ ವಾಲ್ವಿನಿಂದ ಹೊರಟರೆ, ಇಪ್ಪತ್ತೊಂದನೆಯ ವಾಲ್ವಿಗೆ ಬರುವಾಗ ನೆತ್ತಿ ಸುಡುವ ಮಧ್ಯಾಹ್ನ. ಇಪ್ಪತ್ತೊಂದನೆಯದು ಕಡೇಕೇರಿ, ಜವರಯ್ಯನ ಮನೆ ಇದ್ದದ್ದೂ ಅಲ್ಲಿಯೇ. ನೀರು ಬಿಡುವವನು ಆ ಕೇರಿಯವನೇ ಆದ್ದರಿಂದ ಪಕ್ಷಪಾತದ ಮಾತು ಬರಬಾರದೆಂದು ಕಡೇಕೇರಿಯನ್ನು ಸರದಿಯ ಕೊನೆಗೆ ಹಾಕಿದ್ದರು.

ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಬ್ಯಾಟರಿ ಹದಿನಾಲ್ಕನೇ ವಾಲ್ವಿನ ತನಕ ಹೇಗೋ ಉಸಿರು ಹಿಡಿದಿರುತ್ತಿತ್ತು. ಆಮೇಲೆ ಎದುರಿನ ಕ್ಷೌರದಂಗಡಿಯಲ್ಲಿ ಪ್ಲಗ್ಗು ಚುಚ್ಚಿಕೊಂಡು ಮುಕ್ಕಾಲು ಗಂಟೆ ಕೂರಬೇಕು. ಜವರಯ್ಯ ಕೂತ ಮಾತ್ರಕ್ಕೆ ನೀರು ಕೂರುವುದಿಲ್ಲವಲ್ಲ. ಮುಚ್ಚಲಾಗದೆ ಬಿಟ್ಟು ಬಂದ ಹದಿನಾಲ್ಕನೇ ಬೀದಿಯಲ್ಲಿ ನೀರು ಚರಂಡಿ ಸೇರಿ, ಟ್ಯಾಂಕು ತಳ ಕಂಡು, ಕಡೇಕೇರಿಯ ನಲ್ಲಿಯಲ್ಲಿ ಕಿರುಬೆರಳಿನಷ್ಟು ಧಾರೆ ಬೀಳುತ್ತಿತ್ತು. ಪರದೆಯ ಕೀಲು ಸಡಿಲವಾಗಿ, ಅದನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿದ್ದ. ‘ಕ’ ಅಕ್ಷರದ ಗುಂಡಿ ಯಾವತ್ತೋ ಬಿದ್ದುಹೋಗಿತ್ತು, ಬೆಂಕಿಕಡ್ಡಿಯಿಂದ ಚುಚ್ಚಬೇಕಿತ್ತು. ಕಡೇಕೇರಿ ಎಂದು ಬರೆಯಲು ಎರಡು ಸಲ ಚುಚ್ಚಬೇಕು, ಬಿಸಿಲಿಗೆ ಪರದೆಯೂ ಕಾಣುವುದಿಲ್ಲ. ಆದರೂ ಜವರಯ್ಯನಿಗೆ ಅದರ ಮೇಲೆ ಕೋಪವಿರಲಿಲ್ಲ. ಪಾಪ, ಅದು ತನ್ನ ಕೈಲಾದಷ್ಟು ದುಡಿದಿತ್ತು.

ಕೋಪ ಇದ್ದದ್ದು ದೇವೀರಮ್ಮನಿಗೆ. ಕಡೇಕೇರಿಯಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ಎಣ್ಣೆಯೊತ್ತಿ ನೀರು ಹಾಕುವವಳು ಆಕೆಯೇ. ಮೂವತ್ತು ವರ್ಷದಿಂದ ಆ ಕೇರಿಯ ಅರ್ಧ ಜನ ಆಕೆಯ ಕಾಲಮೇಲೆ ಬೋರಲು ಮಲಗಿ ಅತ್ತವರು. ಜವರಯ್ಯನ ಮಗಳು ನಂಜಮಣಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ವಾರಕ್ಕೆ ದೇವೀರಮ್ಮ ಅವನ ಸೈಕಲ್ಲಿಗೆ ಅಡ್ಡ ನಿಂತಳು.

“ಜವರಣ್ಣ, ನಿನ್ ಮಗಳಿಗೆ ಇನ್ನೆರಡು ತಿಂಗಳು. ಬಾಣಂತಿಗೆ ದಿನಾ ಎರಡು ಹಂಡೆ ನೀರು ಬೇಕು, ಕೂಸಿಗೆ ಬ್ಯಾರೆ. ನಿನ್ ನಲ್ಲೀಲಿ ಬರಾದು ನೋಡುದ್ರೆ ಕೂಸಿನ ಮೂಗು ತೊಳ್ಯಕ್ಕೂ ಸಾಲಕ್ಕಿಲ್ಲ.”

“ನಾನೇನ್ ಮಾಡ್ಲಿ ಕಣವ್ವ, ಬ್ಯಾಟ್ರಿ ನಿಲ್ಲಕ್ಕಿಲ್ಲ.”

“ಹೊಸದು ಕೇಳು. ಊರೋರ ಬಾಣಂತೀರು ಹಂಗೋ ಹಿಂಗೋ ತಡ್ಕಂಡ್ರು. ನಿನ್ ಮಗಳಿಗೂ ಒದ್ದೆ ಬಟ್ಟೇಲಿ ಒರಸು ಅಂದ್ರೆ ನಾನ್ ಬರಾಕಿಲ್ಲ, ಈಗ್ಲೇ ಹೇಳಿವ್ನಿ.”

ಆ ಮಾತು ಅವನಿಗೆ ನಾಟಿತು. ಊರಿಗೆಲ್ಲ ನೀರು ಬಿಟ್ಟು ಸ್ವಂತ ಮಗಳ ಬಾಣಂತನಕ್ಕೆ ನೀರಿಲ್ಲವೆಂದರೆ ನೀರುಗಂಟಿ ಎನ್ನಿಸಿಕೊಂಡು ಏನು ಪ್ರಯೋಜನ ಎಂದು ಅವನಿಗೆ ಬಹಳ ಸಂಕಟವಾಯಿತು. ಆ ಸಂಜೆಯೇ ಕೂತು ಓಲೆ ಬರೆದ.

ಇಲ್ಲಿ ಸುಜಲಪುರಿಯ ಒಂದು ಪದ್ಧತಿಯನ್ನು ಓದುಗರಿಗೆ ಅರಿಕೆ ಮಾಡಿಕೊಳ್ಳಬೇಕು. ರಾಜರಿಗೆ ಸಲ್ಲಿಸುವ ಬೇಡಿಕೆಗಳನ್ನು ತಾಳೆಗರಿಯ ಮೇಲೆ ಬರೆಯಬೇಕಿತ್ತು. ತಾಳೆಗರಿ ಕಾಗದವಲ್ಲ ಎಂದು ಕಾನೂನು ಇಲಾಖೆ ಖಚಿತಪಡಿಸಿತ್ತು. ಓಲೆಯಲ್ಲಿ ಸರಿಯಾಗಿ ಹನ್ನೆರಡು ಸಾಲಿರಬೇಕು. ಈಗಿನ ರಾಜರ ಮುತ್ತಜ್ಜನವರಿಗೆ ಹದಿಮೂರನೆಯ ಸಾಲಿಗೆ ನಿದ್ದೆ ಹತ್ತುತ್ತಿದ್ದುದರಿಂದ ಈ ನಿಯಮ. ಓಲೆಯು ಹನ್ನೆರಡು ಅಧಿಕಾರಿಗಳ ಕೈದಾಟಿ ಹೋಗಬೇಕು. ಪ್ರತಿಯೊಬ್ಬ ಅಧಿಕಾರಿಯೂ ತಾನು ಓದಿದ್ದಕ್ಕೆ ಸಾಕ್ಷಿಯಾಗಿ ಕೆಳಗೆ ತನ್ನದೊಂದು ಸಾಲು ಸೇರಿಸಬೇಕು. ಸಾಲು ಹದಿಮೂರಾಗಬಾರದಲ್ಲ, ಅದಕ್ಕೆ ಮೇಲಿನ ಒಂದು ಸಾಲನ್ನು ಕತ್ತರಿಸಿ ತೆಗೆಯಬೇಕು. ಮುನ್ನೂರು ವರ್ಷದಿಂದ ಹೀಗೇ ನಡೆದು ಬಂದಿತ್ತು. ತಾವು ಕೇಳಿದ್ದು ಯಾಕೆ ಬರುವುದಿಲ್ಲವೆಂದು ಪ್ರಜೆಗಳು ಮುನ್ನೂರು ವರ್ಷದಿಂದ ಗ್ರಹಗತಿಯನ್ನು ದೂರುತ್ತಿದ್ದರು.

ಜವರಯ್ಯನಿಗೆ ಇದು ಗೊತ್ತಿರಲಿಲ್ಲ. ಮುಖ್ಯವಾದದ್ದು ಮೊದಲು ಇರಲಿ ಎಂದು ಮೊದಲ ಸಾಲಿನಲ್ಲೇ ಬರೆದ: ಬ್ಯಾಟರಿ ಇಪ್ಪತ್ತೊಂದು ವಾಲ್ವಿಗೂ ಬರಬೇಕು. ಎರಡನೆಯದು, ಗುಂಡಿಗಳು ಗಟ್ಟಿಯಿರಬೇಕು. ಪರದೆ ಬಿಸಿಲಲ್ಲಿ ಕಾಣಬೇಕು. ವಾಲ್ವಿನ ವೈರು ಚುಚ್ಚಲು ತೂತು ಇರಬೇಕು. ಕೀಲು ಭದ್ರವಾಗಿರಬೇಕು. ಸೈಕಲ್ಲಿಗೆ ಭಾರವಾಗಬಾರದು. ಎರಡು ಹನಿ ನೀರು ಸಿಡಿದರೆ ಕೆಡಬಾರದು. ಉಳಿದ ಸಾಲುಗಳಲ್ಲಿ ತನ್ನ ಹೆಸರು, ಕೇರಿ, ಸರ್ವೀಸು, ಸಾಷ್ಟಾಂಗ ನಮಸ್ಕಾರ. ಕೆಳಗೆ ಸಹಿ.

ಓಲೆ ಹೊರಟಿತು. ಉಗ್ರಾಣಾಧಿಕಾರಿಗಳು ಬ್ಯಾಟರಿಯ ಸಾಲನ್ನು ಕತ್ತರಿಸಿ, ಬರೇ ಲ್ಯಾಪ್‌ಟಾಪು ಎಂದು ಕೇಳಿದರೆ ಹಳ್ಳಿಯವರಂತೆ ಕಾಣುತ್ತದೆಂದು ‘ಎಐ ಸಹಿತ’ ಎಂದು ಸೇರಿಸಿದರು. ವಿದ್ಯಾಧಿಕಾರಿಗಳು ಗುಂಡಿಗಳ ಸಾಲನ್ನು ತೆಗೆದು, ಬರೆಯುವವನು ಯೋಚಿಸುವ ಮೊದಲೇ ಯಂತ್ರ ಬರೆದು ಮುಗಿಸಿರಬೇಕು ಎಂದು ಬರೆದರು. ಪ್ರಚಾರಾಧಿಕಾರಿಗಳಿಗೆ ಯಂತ್ರ ಚಿತ್ರ ಬಿಡಿಸಬೇಕಿತ್ತು. ಶಿಷ್ಟಾಚಾರದವರಿಗೆ ವಿಡಿಯೋ ಸಭೆಯಲ್ಲಿ ಕೂತವನ ಹಿಂದಿನ ಸುಣ್ಣ ಕಿತ್ತ ಗೋಡೆ ಅರಮನೆಯ ತೋಟವಾಗಿ ಕಾಣಬೇಕಿತ್ತು. ಗಣಕಾಧಿಕಾರಿಗಳು, ಸೆಕೆಂಡಿಗೆ ನಲವತ್ತು ಲಕ್ಷ ಕೋಟಿ ಲೆಕ್ಕ ಮಾಡತಕ್ಕದ್ದು ಎಂದರು. ರಾಜ್ಯದಲ್ಲಿ ಅಷ್ಟೊಂದು ಲೆಕ್ಕವಿದೆಯೇ ಎಂದು ಅವರ ಗುಮಾಸ್ತ ಕೇಳಿದಾಗ, ಬೇಕಾದರೆ ಹುಟ್ಟಿಸೋಣ ಎಂದು ಉತ್ತರಿಸಿದರು. ಹನ್ನೆರಡನೆಯವರು ಮಹಾಮಂತ್ರಿ ಅನುಮೋದರಾಯರು. ಅವರ ಕೈಗೆ ಬರುವಾಗ ಹೊಸದಾಗಿ ಕೇಳಲು ಏನೂ ಉಳಿದಿರಲಿಲ್ಲ. ಸಾಷ್ಟಾಂಗ ನಮಸ್ಕಾರವನ್ನು ಕತ್ತರಿಸಿ, ಇದೆಲ್ಲಕ್ಕೂ ಒಂದು ವಿಶೇಷ ಗುಂಡಿ ಇರಲಿ, ಅದು ಹೊಳೆಯಲಿ ಎಂದು ಬರೆದು ರಾಜಮುದ್ರೆಗೆ ಕಳಿಸಿದರು.

ಹೀಗೆ ಜವರಯ್ಯನ ಓಲೆಯಲ್ಲಿ ಕೊನೆಗೆ ಉಳಿದದ್ದು ಅವನ ಸಹಿ ಮಾತ್ರ.

ಒಂದು ತಿಂಗಳ ಮೇಲೆ ಆಸ್ಥಾನದಲ್ಲಿ ಡೆಮೊ ಏರ್ಪಾಡಾಯಿತು. ಬೇಡಿಕೆ ಸಲ್ಲಿಸಿದವನೆಂದು ಜವರಯ್ಯನಿಗೂ ಕರೆ ಬಂತು. ಒಗೆದ ಪಂಚೆ ಉಟ್ಟು, ವಾಲ್ವಿನ ವೈರನ್ನು ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋದ. ಹೊಸದಕ್ಕೆ ಇದು ಸೇರುತ್ತದೋ ಇಲ್ಲವೋ ನೋಡೋಣ ಎಂಬುದು ಅವನ ಲೆಕ್ಕಾಚಾರ.

ಪರದೇಶದ ವರ್ತಕ ಚಮತ್ಕಾರಗುಪ್ತ ರೇಷ್ಮೆ ವಸ್ತ್ರ ಸರಿಸಿ ಯಂತ್ರವನ್ನು ತೋರಿಸಿದ. ಅಪ್ಪಳದಷ್ಟು ತೆಳ್ಳಗಿತ್ತು. ಅದರ ಹೆಸರು ಮೇಧಾವಿ.

“ಪ್ರಭು, ಹಿಂದಿನ ಲ್ಯಾಪ್‌ಟಾಪುಗಳಿಗೆ ನಾವು ಹೇಳಿಕೊಡಬೇಕಾಗಿತ್ತು. ಇದಕ್ಕೆ ತಿಳಿವಳಿಕೆ ಒಳಗೇ ಇದೆ.”

“ಒಳಗೇ?” ಎಂದರು ರಾಜರು.

“ಹುಟ್ಟಿದಾಗಿನಿಂದಲೇ, ಪ್ರಭು.”

“ನಮ್ಮ ಹಾಗೆ.”

“ತಮ್ಮ ಹಾಗೆಯೇ, ಪ್ರಭು,” ಎಂದರು ಅನುಮೋದರಾಯರು. “ಆದರೆ ಇದರ ವಾರಂಟಿ ಎರಡೇ ವರ್ಷ.”

ವರ್ತಕ ಹೊಳೆಯುವ ಗುಂಡಿಯನ್ನು ಒತ್ತಿದ. ಮೇಧಾವಿ ಕ್ಷಣದಲ್ಲಿ ಒಂದು ಚಿತ್ರ ಬಿಡಿಸಿತು. ಅದರಲ್ಲಿ ವಿಸ್ಮಯಸೇನರು ಜಲಪಾತವೊಂದನ್ನು ಅಂಗೈಯಲ್ಲಿ ಹಿಡಿದು ಪ್ರಜೆಗಳಿಗೆ ಸುರಿಯುತ್ತಿದ್ದರು. ಆ ಕೈಯಲ್ಲಿ ಆರು ಬೆರಳಿದ್ದವು. ಆರನೆಯದು ಅಭಯ ನೀಡಲು ಹೆಚ್ಚುವರಿ ಎಂದು ಮಹಾಮಂತ್ರಿಗಳು ವಿವರಿಸಿದರು. ಆಮೇಲೆ ರಾಜವಂಶದ ಹದಿನೆಂಟು ಸಂಪುಟಗಳ ಚರಿತ್ರೆಯನ್ನು ಮೇಧಾವಿ ಒಂದೇ ಸಾಲಿಗೆ ಇಳಿಸಿತು: ‘ಇವರ ನಂತರ ಅವರು ಬಂದರು.’ ರಾಜರ ಹುಬ್ಬು ಅರ್ಧ ಮೇಲೇರಿತು. ಗಂಟೆ ಹನ್ನೊಂದೂವರೆ. ಪೂರ್ತಿ ಬೆರಗು ಇನ್ನೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ಆತಂಕ ಶುರುವಾಗಿತ್ತು.

ಆಗ ಹಿಂದಿನ ಕಂಬದ ಬಳಿಯಿಂದ ಜವರಯ್ಯ ಕೈಮುಗಿದು ಕೇಳಿದ.

“ಮಾಸ್ವಾಮಿ, ತಪ್ಪು ತಿಳೀಬ್ಯಾಡಿ. ಬ್ಯಾಟ್ರಿ ಎಷ್ಟೊತ್ತು ಬತ್ತದೆ ಇದುಕ್ಕೆ?”

ಆಸ್ಥಾನ ತಿರುಗಿ ನೋಡಿತು. ಅನುಮೋದರಾಯರು ಓಲೆಯನ್ನು ಬೆಳಕಿಗೆ ಹಿಡಿದರು. “ಬ್ಯಾಟರಿಯ ಮಾತು ನಿನ್ನ ಓಲೆಯಲ್ಲಿಲ್ಲ.”

“ಮೊದಲನೇ ಸಾಲೇ ಅದು ಬುಡಿ.”

“ಮೊದಲನೇ ಸಾಲು ‘ಎಐ ಸಹಿತ’ ಎಂದಿದೆ. ಕೆಳಗಿರುವುದು ನಿನ್ನ ಸಹಿ ತಾನೆ?”

“ಸಹಿ ನಂದೇಯ.”

“ಹಾಗಾದರೆ ನೀನು ಕೇಳಿದ್ದೇ ಬಂದಿದೆ. ಕೇಳಿದ್ದು ಬಂದಾಗ ಸಂತೋಷಪಡುವುದನ್ನು ಪ್ರಜೆಗಳು ರೂಢಿಸಿಕೊಳ್ಳಬೇಕು.”

ಜವರಯ್ಯ ಜೇಬಿನಿಂದ ವೈರು ತೆಗೆದು ವರ್ತಕನತ್ತ ಹಿಡಿದ. ಇದನ್ನು ಚುಚ್ಚಲು ಎಲ್ಲಾದರೂ ತೂತಿದೆಯೇ ಎಂದು ಕೇಳಿದ. ವರ್ತಕ ಮುಗುಳ್ನಕ್ಕು, ತೂತುಗಳು ಹಿಂದಿನ ಶತಮಾನದವು, ಈ ಸಂದೇಹಗಳನ್ನು ಮೇಧಾವಿಯನ್ನೇ ಕೇಳೋಣ ಎಂದ. ಹೀಗೆ ಕೇಳಿದರೆ ಎಂಥ ಮುಜುಗರವೂ ತಪ್ಪುತ್ತದೆಂಬುದು ಅವನಿಗೆ ಎಂಟು ರಾಜ್ಯಗಳಲ್ಲಿ ಮಾರಿ ಬಂದ ಅನುಭವ.

“ಕೇಳು ಮತ್ತೆ,” ಎಂದರು ರಾಜರು.

ಜವರಯ್ಯ ಹತ್ತಿರ ಹೋದ. ಯಂತ್ರವನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದೆ ದೊಡ್ಡವರೊಡನೆ ಆಡುವ ಹಾಗೇ ಆಡಿದ. “ಸ್ವಾಮಿ, ನಾನು ನೀರುಗಂಟಿ. ಬೆಳಗ್ಗಿಂದ ಬಿಸಿಲಲ್ಲಿ ಸೈಕಲ್ ತುಳ್ದು ಇಪ್ಪತ್ತೊಂದು ವಾಲ್ವು ತಿರುಗಿಸ್ಬೇಕು. ನಂಗೆ ನಿಮ್ಮಂತೋರು ಬೇಕಾ?”

ಮೇಧಾವಿ ತಡಮಾಡದೆ, ಸ್ಪಷ್ಟವಾದ ಕನ್ನಡದಲ್ಲಿ ಹೇಳಿತು: “ನಿಮ್ಮ ಕೆಲಸಕ್ಕೆ ದಿನವಿಡೀ ನಿಲ್ಲುವ ಬ್ಯಾಟರಿ, ಗಟ್ಟಿ ಗುಂಡಿಗಳು, ಬಿಸಿಲಲ್ಲಿ ಕಾಣುವ ಪರದೆ ಮತ್ತು ವಾಲ್ವಿಗೆ ಹೊಂದುವ ಸಂಪರ್ಕ ಮುಖ್ಯ. ನನ್ನ ವಿಶೇಷ ಸೌಲಭ್ಯಗಳು ಕೆಲವರಿಗೆ ಬಹಳ ಉಪಯುಕ್ತ. ನಿಮಗೆ ಅಪರೂಪಕ್ಕೆ ಬೇಕಾಗಬಹುದು. ಅವುಗಳಿಗಾಗಿಯೇ ನನ್ನನ್ನು ಕೊಳ್ಳುವ ಅಗತ್ಯ ಕಾಣುವುದಿಲ್ಲ. ಇದಕ್ಕಿಂತ ಸಾದಾ ಯಂತ್ರ ನಿಮಗೆ ಸಾಕು.”

ವರ್ತಕನ ಮುಖ ಸುಣ್ಣದ ಗೋಡೆಯಾಯಿತು. ಜವರಯ್ಯನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೂವತ್ತು ವರ್ಷದ ನೌಕರಿಯಲ್ಲಿ ಅರಮನೆಯೊಳಗೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಟ್ಟವರು ಇದೇ ಮೊದಲು.

ರಾಜರು ನಿಧಾನವಾಗಿ ಸಿಂಹಾಸನದಿಂದ ಎದ್ದರು. ಎರಡೂ ಹುಬ್ಬು ಕಿರೀಟ ಮುಟ್ಟಿದ್ದವು.

“ಅನುಮೋದರಾಯರೇ, ಈ ಆಸ್ಥಾನದಲ್ಲಿ ‘ನನ್ನ ಅಗತ್ಯವಿಲ್ಲ’ ಎಂದು ತಾನಾಗಿ ಹೇಳಿದವರು ಇದುವರೆಗೆ ಯಾರಾದರೂ ಇದ್ದಾರೆಯೇ?”

ಮಂತ್ರಿಗಳೆಲ್ಲ ನೆಲ ನೋಡಿದರು.

“ಎಂಥ ವಿನಯ. ಎಂಥ ನಿಸ್ಪೃಹತೆ. ಇಂಥದ್ದನ್ನು ಬಿಟ್ಟರೆ ಮತ್ತೆಲ್ಲಿ ಸಿಕ್ಕೀತು. ಒಂದು ಸಾವಿರ ತರಿಸಿ.”

“ಪ್ರಭು, ಅದು ಬೇಡವೆಂದು...” ಎಂದು ಯಾರೋ ಹಿಂದಿನಿಂದ ಆರಂಭಿಸಿದರು.

“ಬೇಡವೆಂದದ್ದರಿಂದಲೇ,” ಎಂದರು ರಾಜರು. ಅಡುಗೆಮನೆಗೆ ಎಲೆ ಹಾಕಲು ಆಜ್ಞೆ ಹೋಯಿತು.

ಸಾವಿರ ಮೇಧಾವಿಗಳು ಬಂದವು. ಒಂದೊಂದು ಕಚೇರಿಗೂ ಹಂಚಿದರು, ಕುದುರೆ ಲಾಯಕ್ಕೂ ಎರಡು ಹೋದವು. ಜವರಯ್ಯನಿಗೆ ಒಂದು ಬಂತು. ಹಳೆಯದನ್ನು ಕಸಿದುಕೊಂಡು ಹೋಗಿ ವಸ್ತುಸಂಗ್ರಹಾಲಯದಲ್ಲಿ ಸರದಿ ಪುಸ್ತಕದ ಪಕ್ಕ ಇಟ್ಟರು. ಹೊಸದರಲ್ಲಿ ವೈರಿಗೆ ತೂತಿರಲಿಲ್ಲ. ಅದಕ್ಕೆ ಬೇರೆಯೇ ಒಂದು ಕೊಂಡಿ ಬೇಕು, ಕೊಂಡಿಗೆ ಹೊಸ ಓಲೆ ಹಾಕಬೇಕು ಎಂದರು. ಹನ್ನೆರಡು ಅಧಿಕಾರಿಗಳ ಕೈದಾಟಿ ಬರುವಾಗ ಆ ಕೊಂಡಿ ಏನಾಗಿ ಬರುತ್ತದೋ ಎಂದು ಹೆದರಿ ಜವರಯ್ಯ ಓಲೆ ಹಾಕಲಿಲ್ಲ. ತನ್ನ ಬೆಳ್ಳಿಯ ಉಡಿದಾರ ಮಾರಿ ವರ್ತಕನ ಅಂಗಡಿಯಲ್ಲೇ ಕೊಂಡುಕೊಂಡ.

ಆದರೂ ಬ್ಯಾಟರಿ ಒಂಬತ್ತನೇ ವಾಲ್ವಿಗೆ ಮುಗಿಯುತ್ತಿತ್ತು. ತೆಳ್ಳಗಿದ್ದುದರಿಂದ ಬ್ಯಾಟರಿಗೆ ಒಳಗೆ ಜಾಗವಿರಲಿಲ್ಲ, ಇದ್ದಷ್ಟು ಬ್ಯಾಟರಿ ಯಂತ್ರದ ಯೋಚನೆಗೇ ಖರ್ಚಾಗುತ್ತಿತ್ತು. ಜವರಯ್ಯ ‘ಅ’ ಒತ್ತಿದರೆ ಸಾಕು, ಅಗ್ರಹಾರ ಬೀದಿಯೇ, ಅರಳೀಮರದ ಬೀದಿಯೇ, ಅಥವಾ ಅರಸರಿಗೊಂದು ಅಭಿನಂದನಾ ಪತ್ರವೇ ಎಂದು ಕೇಳುತ್ತಿತ್ತು. ಅವನ ಬೆವರಿದ ಬೆರಳು ಜಾರಿ ಹೊಳೆಯುವ ಗುಂಡಿಗೆ ತಗುಲಿದರೆ ವಾಲ್ವಿನ ಚಿತ್ರ ಬರೆದು ತೋರಿಸುತ್ತಿತ್ತು. ಚಿತ್ರದಲ್ಲಿ ನೀರು ಚೆನ್ನಾಗಿ ಬರುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೇಧಾವಿಯ ತಿಳಿವಳಿಕೆ ಎಲ್ಲವೂ ಒಳಗೇ ಇರಲಿಲ್ಲ. ಸಣ್ಣಪುಟ್ಟ ಯೋಚನೆ ಒಳಗೆ. ದೊಡ್ಡ ಯೋಚನೆಯನ್ನೆಲ್ಲ ಅದು ಗಾಳಿಯ ಮೂಲಕ ವರ್ತಕನ ಜ್ಞಾನಾಲಯಕ್ಕೆ ಕಳಿಸಿ ಮಾಡಿಸಿಕೊಳ್ಳುತ್ತಿತ್ತು. ಸಾಲುಸಾಲು ಯಂತ್ರಗಳ ಆ ಭವನವನ್ನು ಕಡೇಕೇರಿಯ ಪಕ್ಕದ ದಿಬ್ಬದ ಮೇಲೆ ಕಟ್ಟಿದ್ದರು. ಸಾವಿರ ಅಧಿಕಾರಿಗಳು ದಿನವಿಡೀ ರಾಜಸ್ತುತಿ ಬರೆಸಿದ್ದೇ ಬರೆಸಿದ್ದು. ರಾಜರ ಹುಟ್ಟುಹಬ್ಬ ಬಂದಾಗಲಂತೂ ಜ್ಞಾನಾಲಯ ಕಾದ ಹೆಂಚಾಯಿತು. ತಣ್ಣಗಾಗಲು ಅದಕ್ಕೆ ನೀರು ಬೇಕು, ನಿರಂತರ ಬೇಕು ಎಂದು ಚಮತ್ಕಾರಗುಪ್ತ ಅರಿಕೆ ಮಾಡಿಕೊಂಡ. ರಾಜಾಜ್ಞೆ ಬಂತು. ಒಂದನೇ ವಾಲ್ವಿಗಿಂತಲೂ ಮೊದಲು ಸೊನ್ನೆಯನೇ ವಾಲ್ವು ಎಂದೊಂದನ್ನು ಕೂರಿಸಿ, ದಿನವೂ ಬೆಳಿಗ್ಗೆ ಅದನ್ನು ತೆರೆದ ಮೇಲೆಯೇ ಉಳಿದ ಬೀದಿಗಳು ಎಂದಾಯಿತು. ತೆರೆಯುವವನು ಜವರಯ್ಯನೇ.

ನಂಜಮಣಿಗೆ ಹೆಣ್ಣುಮಗುವಾಯಿತು. ತಾಯಿಮಗು ಇಬ್ಬರೂ ಚೆನ್ನಾಗಿದ್ದರು. ಚೆನ್ನಾಗಿಲ್ಲದ್ದು ನಲ್ಲಿ. ಮೊದಲ ನೀರು ಹಾಕುವ ದಿನ ದೇವೀರಮ್ಮ ಬೆಳಿಗ್ಗೆಯೇ ಬಂದು ಒಲೆಗೆ ಹಂಡೆಯಿಟ್ಟು ಕಾದಳು. ಮಧ್ಯಾಹ್ನವಾಯಿತು, ಸಂಜೆಯಾಯಿತು. ನಲ್ಲಿ ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಎಣ್ಣೆಯೊತ್ತಿದ ಕೂಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನಂಜಮಣಿಯ ಮಗ್ಗುಲಿಗೆ ಮಲಗಿಸಿದರು. ಬರುವುದಿಲ್ಲವೆಂದು ಹೆದರಿಸಿದ್ದವಳು ಬಂದೂ ಬರಿಗೈಯಲ್ಲಿ ಕೂರಬೇಕಾಯಿತು.

“ಅಪ್ಪ, ಅರಮನೆಲಿ ಯಾರಿಗಾದ್ರೂ ಹೇಳಪ್ಪ,” ಎಂದಳು ನಂಜಮಣಿ.

ಜವರಯ್ಯ ಹೇಳದೆ ಇರಲಿಲ್ಲ. ಓಲೆಯ ಹಾದಿ ಬಿಟ್ಟು, ಮೇಧಾವಿಯಿಂದಲೇ ಒಂದು ಮನವಿ ಬರೆಸಿ ಅದರಿಂದಲೇ ಅರಮನೆಗೆ ಕಳಿಸಿದ್ದ. ಓದಿದರೆ ಕಲ್ಲೂ ಕರಗುವ ಮನವಿ ಅದು. ಅರಮನೆಯಲ್ಲಿ ಅದನ್ನು ಓದಿದ್ದು ಇನ್ನೊಂದು ಮೇಧಾವಿ. ಅದು ಮೂರು ಪುಟವನ್ನು ಒಂದು ಸಾಲಿಗೆ ಇಳಿಸಿ, ‘ನೀರುಗಂಟಿಗೆ ಮೊಮ್ಮಗಳು ಹುಟ್ಟಿದ್ದಾಳೆ’ ಎಂದು ರಾಜರಿಗೆ ತಿಳಿಸಿತು. ರಾಜರು ಶುಭಾಶಯ ಕಳಿಸಿದ್ದರು, ಹೂವಿನ ಚಿತ್ರದ ಸಮೇತ.

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ, ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ರಾಜರು ಮನುಷ್ಯರ ಮಾತು ಕೇಳುವುದಿಲ್ಲ, ಸರಿ. ಮೇಧಾವಿಯ ಮಾತು ಕೇಳುತ್ತಾರಲ್ಲ. ಸೊನ್ನೆಯನೇ ವಾಲ್ವಿನ ಮುಂದೆ ಕೂತು ಅದನ್ನೇ ಕೇಳಿದ. “ಸ್ವಾಮಿ, ಇರೋ ನೀರು ಒಂದೇ. ನಿಮ್ಮ ಜ್ಞಾನಾಲಯಕ್ಕೆ ಮೊದಲು ಬಿಡ್ಲೋ, ಬಾಣಂತಿ ಇರೋ ಕೇರಿಗೆ ಮೊದಲು ಬಿಡ್ಲೋ?”

“ಬಾಣಂತಿ ಮತ್ತು ಶಿಶು ಇರುವ ಕೇರಿಗೆ ಮೊದಲು,” ಎಂದಿತು ಮೇಧಾವಿ. “ನಾನು ಕಾಯಬಹುದು.”

ಜವರಯ್ಯನ ಜೀವ ತಂಪಾಯಿತು. ಅಂದಿನಿಂದ ನಾಲ್ಕನೇ ದಿನಕ್ಕೆ ಮೇಧಾವಿಗೆ ಪಟ್ಟಾಭಿಷೇಕವಿತ್ತು. ರಾಜರು ಅದಕ್ಕೆ ಮಹಾಜಲಾಧಿಪತಿ ಎಂಬ ಬಿರುದು ಕೊಟ್ಟು ಊರಿನ ನೀರನ್ನೆಲ್ಲ ಅದರ ಅಧಿಕಾರಕ್ಕೆ ಒಪ್ಪಿಸುವವರಿದ್ದರು. ಬಿರುದು ಸ್ವೀಕರಿಸುವ ಮೇಧಾವಿಗೆ ಮೊದಲ ಪ್ರಶ್ನೆ ಕೇಳುವ ಗೌರವ ನೀರುಗಂಟಿಯದೆಂದು ಆಮಂತ್ರಣದಲ್ಲೇ ಅಚ್ಚಾಗಿತ್ತು. ಕೇರಿಯವರಿಗೆಲ್ಲ ಹೇಳಿದ. ದೇವೀರಮ್ಮನೂ ಸೇರಿ ಮೂವತ್ತು ಜನ ಬಂದು ಆಸ್ಥಾನದ ಬಾಗಿಲಲ್ಲಿ ನಿಂತರು. ಇನ್ನೊಂದೇ ಒಂದು ಪ್ರಶ್ನೆ, ಒಂದು ಉತ್ತರ. ಜನರೆದುರು, ರಾಜರ ಕಿವಿಗೇ ಬೀಳುವಂತೆ.

ಭೇರಿ ಮೊಳಗಿತು. ಸಿಂಹಾಸನದ ಎಡಗಡೆ ಇನ್ನೊಂದು ಚಿಕ್ಕ ಸಿಂಹಾಸನ ಹಾಕಿ ಮೇಧಾವಿಯನ್ನು ತೆರೆದು ಕೂರಿಸಿದ್ದರು. ರಾಜರು ಸ್ವಹಸ್ತದಿಂದ ರತ್ನಖಚಿತ ಕಿರೀಟವನ್ನು ಎತ್ತಿ ಅದರ ಪರದೆಯ ಮೇಲಂಚಿಗೆ ಇಟ್ಟರು. ಜವರಯ್ಯ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

“ಸ್ವಾಮಿ, ಅವತ್ತು ನನಗೆ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ ಸಲ...”

ಕಿರೀಟ ಎರಡೂವರೆ ಸೇರಿನದು. ಆ ಭಾರಕ್ಕೆ ಪರದೆ ಮೆಲ್ಲಗೆ ಬಾಗಿ, ಬಾಗಿ, ಟಪ್ಪೆಂದು ಮುಚ್ಚಿಕೊಂಡಿತು. ಮುಚ್ಚಿಕೊಂಡ ಮೇಲೆ ಮೇಧಾವಿ ಮಾತಾಡುವ ಯಂತ್ರವಲ್ಲ.

ಎಲ್ಲರೂ ಕಾದರು. ಜವರಯ್ಯ ಕಿರೀಟ ಎತ್ತಲು ಕೈಚಾಚಿದ. ಕಾವಲಿನವರು ಅವನ ಕೈ ಹಿಡಿದರು. ರಾಜಕಿರೀಟವನ್ನು ಮುಟ್ಟುವುದು ದೇಶದ್ರೋಹವೆಂದು ನೆನಪಿಸಿದರು.

“ಧ್ಯಾನದಲ್ಲಿದೆ,” ಎಂದರು ರಾಜರು ಪಿಸುದನಿಯಲ್ಲಿ.

“ಮೌನವು ಸಮ್ಮತಿಯೆಂದು ದಾಖಲಾಗಿದೆ, ಪ್ರಭು,” ಎಂದರು ಅನುಮೋದರಾಯರು. “ಈಗಿರುವ ಸರದಿಯೇ ಶಾಶ್ವತ.”

ಆಸ್ಥಾನ ಚಪ್ಪಾಳೆ ತಟ್ಟಿತು. ಕೇರಿಯ ಮೂವತ್ತು ಜನ ಬಾಗಿಲಿನಿಂದಲೇ ತಿರುಗಿದರು. ಯಾರೂ ಜವರಯ್ಯನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ದಾರಿ ಕಂಡುಹಿಡಿದವಳು ದೇವೀರಮ್ಮ. ಜ್ಞಾನಾಲಯಕ್ಕೆ ಒಳಗೆ ಹೋದ ನೀರು ಎಲ್ಲಿಗಾದರೂ ಹೊರಗೆ ಬರಲೇಬೇಕಲ್ಲ ಎಂದು ದಿಬ್ಬದ ಹಿಂದೆ ಹೋಗಿ ನೋಡಿದಳು. ದಪ್ಪನೆಯ ಕೊಳವೆಯಿಂದ ನೀರು ಹಳ್ಳಕ್ಕೆ ಬೀಳುತ್ತಿತ್ತು. ಕೈಯಿಟ್ಟರೆ ಹದವಾಗಿ ಬಿಸಿಯಿತ್ತು, ಸೌದೆ ಉರಿಸುವ ಕೆಲಸವೂ ಇಲ್ಲ. ರಾಜಸ್ತುತಿಯ ಕಾವು ಎಂದರೆ ಕಡಿಮೆಯೇ? ಕೊಡ ತುಂಬಿ ತಂದು ಅಂದೇ ನಂಜಮಣಿಗೆ ನೀರು ಹಾಕಿದಳು. ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆದಳು. ಕೂಸು ಕೇರಿಗೆಲ್ಲ ಕೇಳಿಸುವ ಹಾಗೆ ಅತ್ತು, ಮೂರು ಗಂಟೆ ಮಲಗಿತು. ಜವರಯ್ಯ ಬಚ್ಚಲ ಹೊರಗೆ ಕೂತು ಆ ಅಳುವನ್ನು ಕೇಳಿ ಸುಖಪಟ್ಟ. ವಾರದೊಳಗೆ ಕಡೇಕೇರಿಯವರೆಲ್ಲ ಕೊಡ ಹಿಡಿದು ಆ ಕೊಳವೆಯ ಬಾಯಿಗೆ ಸಾಲುನಿಂತರು.

ಎರಡನೇ ವಾರದಲ್ಲಿ ಅರಮನೆಗೆ ಸುದ್ದಿ ಮುಟ್ಟಿತು. ರಾಜರಿಗೆ ಆ ದಿನದ ಬೆರಗು ಬೆಳಿಗ್ಗೆ ಎಂಟಕ್ಕೇ ಸಿಕ್ಕಿತು. ಲ್ಯಾಪ್‌ಟಾಪು ಕೊಂಡರೆ ಪ್ರಜೆಗಳಿಗೆ ಬಿಸಿನೀರೂ ಬರುತ್ತದೆಂದು ಯಾವ ರಾಜ್ಯದವರು ತಾನೆ ಕನಸು ಕಂಡಿದ್ದರು. ಅದಕ್ಕೆ ಉಷ್ಣೋದಕ ಮಹಾಯೋಜನೆ ಎಂದು ಹೆಸರಾಯಿತು. ಕೊಳವೆಯ ಬಾಯಿಗೆ ರಾಜರ ಆರು ಬೆರಳಿನ ಚಿತ್ರ ತೂಗುಹಾಕಿದರು. ಪಕ್ಕದ ರಾಜ್ಯಗಳಿಂದ ಅಧ್ಯಯನ ತಂಡಗಳು ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದವು. ಇನ್ನೂ ಎರಡು ಸಾವಿರ ಮೇಧಾವಿಗಳಿಗೆ ಆರ್ಡರು ಹೋಯಿತು. ಅದರ ಖರ್ಚಿಗೆಂದು ಕೊಡ ಒಂದಕ್ಕೆ ಒಂದು ಹಣದ ಶಾಖಶುಲ್ಕ ವಿಧಿಸಲಾಯಿತು.

ಇದ್ದ ನೀರೆಲ್ಲ ಸೊನ್ನೆಯನೇ ವಾಲ್ವಿನಲ್ಲೇ ಹೋಗಿ, ಉಳಿದ ಇಪ್ಪತ್ತು ಬೀದಿಗಳ ನಲ್ಲಿಗಳೂ ಆ ಹೊತ್ತಿಗೆ ಒಣಗಿದ್ದವು. ವಾಲ್ವು ತಿರುಗಿಸುವ ಕೆಲಸವೇ ಇಲ್ಲವಾದ್ದರಿಂದ ಜವರಯ್ಯನಿಗೆ ಬಡ್ತಿ ಕೊಟ್ಟು ಕೊಳವೆಯ ಬಾಯಲ್ಲಿ ಕೂರಿಸಿದರು. ಬೆಳಿಗ್ಗೆ ಸೊನ್ನೆಯನೇ ವಾಲ್ವು ತೆರೆದು ಬಂದು ಶುಲ್ಕ ಪಡೆದು ಬಿಲ್ಲೆ ಕೊಡುವುದು, ಬಿಲ್ಲೆ ಇಲ್ಲದವರನ್ನು ಬಿಡದಿರುವುದು, ಇಷ್ಟು ಕೆಲಸ. ಪಕ್ಕದಲ್ಲಿ ಇಬ್ಬರು ಕಾವಲಿನವರು.

ಮೊದಲ ದಿನ ಸಾಲಿನ ಮುಂದೆ ನಿಂತಿದ್ದವಳು ದೇವೀರಮ್ಮ. ಕಂಕುಳಲ್ಲಿ ಎರಡು ಕೊಡ. ಜವರಯ್ಯ ತಲೆ ಎತ್ತಲಿಲ್ಲ. ಅವನಿಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯುತ್ತಿರಲಿಲ್ಲ.

“ಯಾರ ಮನೆಗೆ ಅಂತ ಬರ್ಕೋಬೇಕು ಕಣವ್ವ,” ಎಂದ.

“ನಿನ್ ಮೊಮ್ಮಗೀಗೆ,” ಎಂದಳು ದೇವೀರಮ್ಮ. “ಬಿರ್‍ನೆ ಬರ್ಕೋ, ಎಣ್ಣೆ ಒತ್ತಿಟ್ಟು ಬಂದಿವ್ನಿ.”

ಜವರಯ್ಯ ಬರೆದುಕೊಂಡ. ಆಮೇಲೆ ತನ್ನ ಸೊಂಟದ ಚೀಲದಿಂದ ಎರಡು ಹಣ ತೆಗೆದು ಅರಮನೆಯ ಪೆಟ್ಟಿಗೆಗೆ ಹಾಕಿ, ಎರಡು ಬಿಲ್ಲೆಗಳನ್ನು ಅವಳ ಕೈಗಿಟ್ಟು, ಮುಂದಿನವರನ್ನು ಕರೆದ.